ಚಂಡಪ್ರತಾಪ ಸಾಯದೆ ರಾಣಿಗೆ ಮಾತಿಲ್ಲ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕು ತಾಲೂಕಿನಲ್ಲಿ ಪುಟ್ಟತಾಯಮ್ಮನ ಮುಖ ನೋಡದವರು ಯಾರಾದರೂ ಸಿಕ್ಕಿದರೆ, ಅವರು ಹುಟ್ಟಿ ಇನ್ನೂ ಪುರುಡು ಕಳೆದಿಲ್ಲ ಎಂದು ತಿಳಿಯಬೇಕು. ಆದರೆ ಆಕೆ ಬಣ್ಣ ಹಚ್ಚಿದ ಮೇಲೆ ದನಿ ಕೇಳಿದವರನ್ನು ಎಣಿಸಲು ಒಂದು ಕೈಯ ಬೆರಳು ಸಾಕು, ಅದರಲ್ಲೂ ಹೆಬ್ಬೆರಳು ಮಿಕ್ಕುತ್ತದೆ. ಐವತ್ತೆರಡು ವರ್ಷ ರಂಗದ ಮೇಲೆ ನಿಂತ ನಟಿ ಆಕೆ. ನಿಂತ ಎಂಬ ಮಾತನ್ನು ಇದ್ದ ಹಾಗೇ ಓದಿಕೊಳ್ಳಬೇಕು. ಮಿಕ್ಕವರು ಹಾಡಿದರು, ಕುಣಿದರು, ಗದೆ ತಿರುಗಿಸಿದರು, ಪುಟ್ಟತಾಯಮ್ಮ ನಿಂತಳು.

ಆಕೆ ಆಡಿದ ನಾಟಕ ಒಂದೇ, 'ಚಂಡಪ್ರತಾಪ ಸಂಹಾರ'. ಬರೆದವರು ಹಾರ್ಮೋನಿಯಂ ಮೇಷ್ಟ್ರು ಚಲುವಯ್ಯ. ಕಥೆ ಸಣ್ಣದು. ಚಂಡಪ್ರತಾಪನೆಂಬ ದುಷ್ಟರಾಜ ಪಕ್ಕದ ರಾಜ್ಯವನ್ನು ಕಿತ್ತುಕೊಂಡು, ಅಲ್ಲಿಯ ರಾಣಿ ಕನಕಾಂಗಿಯನ್ನು ಸೆರೆಗೆ ಹಾಕುತ್ತಾನೆ. ಅವನು ಸಾಯುವವರೆಗೆ ತಾನು ತುಟಿ ಬಿಚ್ಚುವುದಿಲ್ಲವೆಂದು ರಾಣಿ ಶಪಥ ಮಾಡುತ್ತಾಳೆ. ಆ ಶಪಥವನ್ನೂ ಆಕೆ ಹೇಳುವುದಿಲ್ಲ, ಬಾಗಿಲು ಕಾಯುವವನು ಬಂದು ಸಾರಿ ಹೋಗುತ್ತಾನೆ. ಕೊನೆಯ ಸೀನಿನಲ್ಲಿ ಶೂರಕುಮಾರ ಬಂದು ಚಂಡಪ್ರತಾಪನನ್ನು ಕಡಿದ ಮೇಲೆ ರಾಣಿ ಬಾಯಿ ತೆರೆಯುತ್ತಾಳೆ. ಅಲ್ಲಿಗೆ ಮಂಗಳ.

ಮಾತಿಲ್ಲದ ರಾಣಿಯನ್ನು ಮೇಷ್ಟ್ರು ಬರೆದದ್ದು ಕಲೆಗಾಗಿ ಅಲ್ಲ, ಮರಿಸ್ವಾಮಿಯ ಗಂಟಲಿಗಾಗಿ. ಆ ಕಾಲಕ್ಕೆ ಹಳ್ಳಿ ನಾಟಕದಲ್ಲಿ ಹೆಣ್ಣು ಪಾತ್ರವೂ ಗಂಡಸಿನದೇ. ನಾಗಮಂಗಲದ ಕಡೆಯ ಮರಿಸ್ವಾಮಿಗೆ ಬೆಣ್ಣೆ ಮೆತ್ತಿದಂತಹ ಮುಖ, ಕಬ್ಬಿನ ಗಾಣದಂತಹ ದನಿ. ಮೊದಲ ಪ್ರಯೋಗದಲ್ಲಿ ಅವನು ರಾಣಿಯಾಗಿ 'ಪ್ರಾಣಕಾಂತಾ' ಎಂದು ಕರೆದಾಗ ಮೂರು ಊರಿನ ಎಮ್ಮೆಗಳು ಹಗ್ಗ ಕಿತ್ತುಕೊಂಡವು, ಒಂದು ಇನ್ನೂ ಸಿಕ್ಕಿಲ್ಲ. ಮೇಷ್ಟ್ರು ರಾಣಿಯ ಮಾತನ್ನೆಲ್ಲ ಹೊಡೆದುಹಾಕಿ ಮೌನವ್ರತ ಹಿಡಿಸಿದರು. ನಾಟಕಕ್ಕೆ ಹೆಸರು ಬಂತು.

ಎಪ್ಪತ್ಮೂರನೆಯ ಇಸವಿಯಲ್ಲಿ ಮರಿಸ್ವಾಮಿಗೆ ಮದುವೆ ಗೊತ್ತಾಯಿತು. 'ನನ್ನ ಮಗಳನ್ನು ಒಬ್ಬ ರಾಣಿಗೆ ಕೊಡಲಾರೆ' ಎಂದು ಮಾವನಾಗುವವನು ಪಟ್ಟು ಹಿಡಿದ. ಮರಿಸ್ವಾಮಿ ಮೀಸೆ ಬಿಟ್ಟ. ಮೇಷ್ಟ್ರಿಗೆ ಈಗ ಒಂದು ಹೆಣ್ಣೇ ಬೇಕಾಯಿತು. ಹುಡುಕಿದಾಗ ಸಿಕ್ಕಿದವಳು ಇಪ್ಪತ್ತರ ಪುಟ್ಟತಾಯಿ. ನಾಟಿ ಗದ್ದೆಯಲ್ಲಿ ಹಾಡು ಕಟ್ಟಿ ಹೇಳುವವಳು, ಮದುವೆಮನೆಯಲ್ಲಿ ಸೋಬಾನೆಗೆ ಮುಂದಾಳು. ಈ ಊರಿನಲ್ಲಿ ಅವಳು ಸೋಬಾನೆ ಎತ್ತಿದರೆ, ಮುಹೂರ್ತ ಬಂತೆಂದು ಪಕ್ಕದ ಊರಿನಲ್ಲಿ ತಾಳಿ ಕಟ್ಟಿಬಿಡುತ್ತಿದ್ದರು. ಅಂಥ ಗಂಟಲನ್ನು ತಂದು ಮೇಷ್ಟ್ರು ಮೌನವ್ರತದ ಪಾತ್ರಕ್ಕೆ ಹಾಕಿದರು. ಸುತ್ತಿನಲ್ಲಿ ಬಣ್ಣ ಹಚ್ಚಿದ ಮೊದಲ ಹೆಂಗಸು ಅವಳು ಎಂಬ ಹೆಸರಾಯಿತು. ಅವಳ ಮನೆಯವರಿಗೆ ಒಂದು ವರ್ಷ ಯಾರೂ ಮಜ್ಜಿಗೆ ಕೊಡಲಿಲ್ಲ ಎಂಬುದೂ ಆಯಿತು.

"ಮಾತಿಲ್ದೆ ಇದ್ರೆ ನಾನ್ಯಾಕೆ ಮೇಷ್ಟ್ರೆ, ಒಂದ್ ಕಲ್ಕಂಬ ನಿಲ್ಸಿ" ಎಂದು ಪುಟ್ಟತಾಯಿ ಅಂದೇ ಅಂದಿದ್ದಳು.

"ಕೊನೇಗೊಂದು ಡೈಲಾಗ್ ಬರ್ಕೊಡ್ತೀನಿ ಕಣಮ್ಮಿ. ಎಂಟು ಸಾಲು. ಜನ ಎದ್ದು ನಿಂತ್ಕೊಂಡು ಅಳ್ಬೇಕು, ಅಂಗೆ" ಎಂದರು ಮೇಷ್ಟ್ರು. ಹಳೆಯ ಹ್ಯಾಂಡ್‌ಬಿಲ್ಲಿನ ಬೆನ್ನಿಗೆ ಬರೆದೂ ಕೊಟ್ಟರು. ಪುಟ್ಟತಾಯಿ ಅದನ್ನು ಒಂದು ಮಧ್ಯಾಹ್ನದಲ್ಲಿ ಬಾಯಿಪಾಠ ಮಾಡಿದಳು. ಐವತ್ತೆರಡು ವರ್ಷ ಅದು ಬಾಯಿಯೊಳಗೇ ಉಳಿಯಿತು.

ಏಕೆಂದರೆ ಚಂಡಪ್ರತಾಪ ಸಾಯಲಿಲ್ಲ.

ಈ ಸೀಮೆಯ ನಾಟಕದ ಪದ್ಧತಿ ಗೊತ್ತಿರುವವರಿಗೆ ಇದು ಆಶ್ಚರ್ಯವಲ್ಲ. ಊರಿನವರೇ ಪಾತ್ರಗಳನ್ನು ಹಣ ಕೊಟ್ಟು ಹಿಡಿಯುತ್ತಾರೆ. ಕಿರೀಟ ದೊಡ್ಡದಿದ್ದಷ್ಟೂ ಪಾತ್ರ ದುಬಾರಿ. ಚಂಡಪ್ರತಾಪನ ಕಿರೀಟ ಮೂರು ಅಂತಸ್ತಿನದು, ಅದರ ಮೇಲೆ ಒಂದು ನವಿಲು. ಹಾಗಾಗಿ ಆ ಪಾತ್ರ ಯಾವಾಗಲೂ ಊರಿನ ದೊಡ್ಡ ಕುಳಕ್ಕೇ. ಅವನನ್ನು ಕಡಿಯುವ ಶೂರಕುಮಾರನಿಗೆ ಒಂದು ರಟ್ಟಿನ ಪಟ್ಟಿ, ಎರಡು ಸೀನು. ಅದನ್ನು ಹಿಡಿಯುವವನು ದೊಡ್ಡವನ ಹೊಲ ಮಾಡುವವನೋ, ಅವನ ಟ್ರಾಕ್ಟರು ಓಡಿಸುವವನೋ. ಯಾರು ಯಾರನ್ನು ಕಡಿಯುತ್ತಾರೆ? ಅದರ ಮೇಲೆ ಹಾರ. ಚಂಡಪ್ರತಾಪ ಒಂದು ಹಾಡು ಮುಗಿಸಿದರೆ ಭಾವಮೈದುನ ಹಾರ ಹಿಡಿದು ರಂಗಕ್ಕೆ ಹತ್ತುತ್ತಾನೆ, ಇನ್ನೊಂದಕ್ಕೆ ಬೀಗರು ಶಾಲು ತರುತ್ತಾರೆ. ನಾಟಕ ನಿಂತು ಫೋಟೋ ಆಗಿ ಮತ್ತೆ ಶುರುವಾಗಬೇಕು. ಸೆರೆಯಲ್ಲಿರುವ ರಾಣಿ ಅಷ್ಟು ಹೊತ್ತೂ ಹಿಂದೆ ನಿಂತು ಬೀಗರ ಬೆನ್ನು ನೋಡುತ್ತಿರಬೇಕು. ಕೊನೆಯ ಸೀನಿಗೆ ಪರದೆ ಏಳುವಷ್ಟರಲ್ಲಿ ಹಾಲು ಕರೆಯುವ ಹೊತ್ತಾಗಿ, ಜನ ಚಾಪೆ ಸುತ್ತಿಕೊಂಡು ಕೊಟ್ಟಿಗೆಗೆ ಹೊರಟಿರುತ್ತಿದ್ದರು.

ಪಾಂಡವಪುರದ ಹತ್ತಿರ ಒಬ್ಬ ಚಂಡಪ್ರತಾಪ, ಮುಂದಿನ ಸಾಲಿನಲ್ಲಿ ಅತ್ತೆ ಕೂತಿದ್ದಾರೆಂದು ಸಾಯಲಿಲ್ಲ; ಹೆಣ್ಣು ಕೊಟ್ಟವರ ಎದುರಿಗೆ ಸಾಯುವುದು ಹೇಗೆ ಎಂದ. ಕೆ.ಆರ್.ಪೇಟೆಯಲ್ಲಿ ಒಬ್ಬ ಶೂರಕುಮಾರನ ಕತ್ತಿಯನ್ನು ಕಿತ್ತುಕೊಂಡು ಅವನನ್ನೇ ಕಡಿದು, ಇನ್ನೂ ಮೂರು ಹಾಡು ಹೇಳಿದ. ನಾಗಮಂಗಲದಲ್ಲಿ ಒಬ್ಬ ಮಹಾನುಭಾವ ನಿಜವಾಗಿ ಸತ್ತ. ಪುಟ್ಟತಾಯಮ್ಮ ಒಂದು ಹೆಜ್ಜೆ ಮುಂದೆ ಬಂದು, ಉಸಿರೆಳೆದು, ಬಾಯಿ ತೆರೆದಳು. ಅಷ್ಟರಲ್ಲಿ ಜನ 'ಒನ್ಸ್ ಮೋರ್' ಎಂದರು. ಅವನು ಎದ್ದು ಮತ್ತೊಮ್ಮೆ ಸತ್ತ. ಹೀಗೆ ಒಂಬತ್ತು ಸಲ. ಹತ್ತನೆಯ ಸಲಕ್ಕೆ ಜನರೇಟರಿನ ಎಣ್ಣೆ ಮುಗಿಯಿತು.

ಹೆಸರು 'ಚಂಡಪ್ರತಾಪ ಸಂಹಾರ'. ಐವತ್ತೆರಡು ವರ್ಷದಲ್ಲಿ ಸಂಹಾರವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅದರಲ್ಲಿ ಆಯಿತು.

ನಡುವೆ ಸಿನಿಮಾಕ್ಕೂ ಹೋದಳು. ಸಿನಿಮಾ ಮಾತು ಕಲಿತು ನಲವತ್ತು ವರ್ಷ ಕಳೆದ ಮೇಲೆ ಪುಟ್ಟತಾಯಮ್ಮ ಒಳಗೆ ಕಾಲಿಟ್ಟು ಅದನ್ನು ಮತ್ತೆ ಮೂಕಿ ಮಾಡಿದಳು. ಶ್ರೀರಂಗಪಟ್ಟಣದ ಕೋಟೆಗೋಡೆಯ ಬಳಿ, ಹೊಳೆಯ ಸೋಪಾನದ ಮೇಲೆ, ಪಾಂಡವಪುರದ ನಾಲೆ ಏರಿಯ ಮೇಲೆ ಶೂಟಿಂಗ್ ಎಂದರೆ ಆಕೆಗೆ ಕರೆ ಬರುತ್ತಿತ್ತು. ಒಟ್ಟು ಹತ್ತೊಂಬತ್ತು ಚಿತ್ರ. ಹನ್ನೊಂದರಲ್ಲಿ ಬಿಂದಿಗೆ ಹೊತ್ತು ಎಡದಿಂದ ಬಲಕ್ಕೆ ಹೋದಳು, ಐದರಲ್ಲಿ ಬಲದಿಂದ ಎಡಕ್ಕೆ ಬಂದಳು. ಎರಡರಲ್ಲಿ ಹೆಣದ ಮುಂದೆ ಕೂತು ಅತ್ತಳು, ಕ್ಯಾಮರಾಕ್ಕೆ ಬೆನ್ನು ಹಾಕಿ. ಉಳಿದ ಒಂದರಲ್ಲಿ ಮಾತು ಸಿಕ್ಕಿತು, 'ಅಗೋ, ಅವರು ಬಂದರು' ಎಂದು. ನಾಲೆಯ ಆಚೆ ದಂಡೆಯಲ್ಲಿ ಮೇಯುತ್ತಿದ್ದ ಕುರಿಗಳೂ ಯಾರು ಬಂದರೆಂದು ತಿರುಗಿ ನೋಡುವ ಹಾಗೆ ಹೇಳಿದಳು. ಮುಂದಿನ ವರ್ಷ ಪಾಂಡವಪುರದ ಟೆಂಟಿನಲ್ಲಿ ಆ ಚಿತ್ರ ಬಂತು. ಪರದೆಯ ಮೇಲೆ ಆಕೆಯ ಬಾಯಿ ಅಲ್ಲಾಡಿತು, ಹೊರಗೆ ಬಂದದ್ದು ನೆಗಡಿಯಾದ ಗುಬ್ಬಿಯ ದನಿ. ಮದರಾಸಿನಲ್ಲಿ ಯಾರೋ ಬೇರೆಯವರಿಂದ ಹೇಳಿಸಿದ್ದರು. ಅಲ್ಲಿಗೆ ಪುಟ್ಟತಾಯಮ್ಮನ ಸಿನಿಮಾ ಜೀವನ ಮುಗಿಯಿತು. ಮೂರು ದಿನ ಆಕೆ ಯಾರೊಡನೆಯೂ ಮಾತಾಡಲಿಲ್ಲ, ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ.

ಮದುವೆಯೂ ಇದೇ ಲೆಕ್ಕಕ್ಕೆ ಸೇರಿತು. ಕೆ.ಆರ್.ಎಸ್. ನಾಲೆಯಲ್ಲಿ ತೂಬೆತ್ತಿ ಗದ್ದೆಗೆ ನೀರು ಬಿಡುವ ಸೌಡಿ ಕೆಲಸದಲ್ಲಿದ್ದ ಕರಿಯಯ್ಯ, ಏಳು ಸಲ ನಾಟಕ ನೋಡಿ, ರಾಣಿಗೆ ಹುಟ್ಟಿದಾಗಿನಿಂದ ಮಾತಿಲ್ಲವೆಂದು ನಿಶ್ಚಯ ಮಾಡಿಕೊಂಡ. ಇಂಥ ಹೆಂಡತಿ ಏಳೇಳು ಜನ್ಮಕ್ಕೂ ಸಿಕ್ಕಲಾರಳೆಂದು ಕಟ್ಟಿಕೊಂಡು ಗಂಜಾಮಿನಲ್ಲಿ ಮನೆ ಮಾಡಿದ. ಮೂರನೆಯ ದಿನ ಆಕೆ 'ಸಾರ್ಗೆ ಉಪ್ಪು ಸಾಕಾ' ಎಂದಳು. ಕರಿಯಯ್ಯನ ಕೈಯಿಂದ ತಟ್ಟೆ ಬಿತ್ತು. ನೇರ ಮೇಷ್ಟ್ರ ಮನೆಗೆ ಹೋದ.

"ಮೋಸ ಆಗೋಯ್ತು ಮೇಷ್ಟ್ರೆ. ಮಾತಾಡ್ತಾಳೆ."

"ಎಂಡ್ತಿ ಅಂದ್ಮೇಲೆ ಮಾತಾಡ್ದೆ ಇನ್ನೇನ್ಲಾ ಹಾಡೇಳ್ತಾಳಾ?"

"ಅದನ್ನೂ ಏಳ್ತಾಳೆ."

ದೇವರು ದಯಾಮಯ. ತೂಬಿನ ನೀರಿನ ಮೊರೆತದಲ್ಲಿ ಐದಾರು ವರ್ಷದಲ್ಲೇ ಕರಿಯಯ್ಯನ ಕಿವಿ ಮುಕ್ಕಾಲು ಹೋಯಿತು. ಆಮೇಲೆ ಆಕೆ ಏನು ಹೇಳಿದರೂ ತಲೆಯಾಡಿಸುತ್ತಿದ್ದ. ಎಂಟು ಸಾಲಿನ ಡೈಲಾಗನ್ನು ಅವನಿಗೆ ಎಷ್ಟು ಸಲ ಹೇಳಿದಳೋ, ಅಷ್ಟು ಸಲವೂ 'ಸಾಕು ಸಾಕು, ಉಪ್ಪು ಸರ್ಯಾಗದೆ' ಎಂದ. ಎಂಟು ವರ್ಷದ ಹಿಂದೆ ಅವನೂ ಹೋದ ಮೇಲೆ ತಲೆಯಾಡಿಸುವ ತಲೆಯೂ ಇಲ್ಲವಾಯಿತು. ಬಟ್ಟೆ ಒಗೆಯಲು ಹೊಳೆಗಿಳಿದಾಗ ನೀರಿಗೆ ಹೇಳಿಕೊಳ್ಳುತ್ತಿದ್ದಳು. ಗಂಜಾಮಿನ ಮೀನುಗಳಿಗೆ ಆ ಎಂಟು ಸಾಲು ಬಾಯಿಪಾಠ. ಮನುಷ್ಯರಿಗೆ ಒಂದು ಸಲ, ಮೈಕಿನಲ್ಲಿ, ಮುಂದೆ ಜನ ಕೂತಿರುವಾಗ ಹೇಳಬೇಕು, ಆಮೇಲೆ ಗಂಟಲು ಇದ್ದರೂ ಸರಿ ಹೋದರೂ ಸರಿ, ಇದೊಂದೇ ಆಸೆ ಆಕೆಗೆ ಉಳಿದದ್ದು.

ಈ ವರ್ಷ ಚಲುವಯ್ಯ ಮೇಷ್ಟ್ರು ಗಂಜಾಮಿಗೆ ಬಂದರು. ವಯಸ್ಸು ಎಂಬತ್ತಾರು. ಕೈ ನಡುಗುವುದರಿಂದ ಅವರ ಹಾರ್ಮೋನಿಯಂನಲ್ಲಿ ಈಗ ಎಲ್ಲ ಹಾಡಿಗೂ ಗಮಕ ಪುಕ್ಕಟೆ. ಜೊತೆಗೆ ಪಾಂಡವಪುರದ ಅತಾವುಲ್ಲಾ ಇದ್ದರು, ನಾಟಕಕ್ಕೆ ಪರದೆ, ಕಿರೀಟ, ಮೈಕು ಒದಗಿಸುವವರು. ನಾಲ್ಕು ತಾಲೂಕಿನ ರಾಜರೆಲ್ಲ ಅವರ ಬಟ್ಟೆಯನ್ನೇ ಉಟ್ಟು ರಾಜರಾದವರು.

"ಪುಟ್ತಾಯಿ, ಇದೊಂದ್ ನಾಟ್ಕ ಆಡ್ಬುಡವ್ವ" ಎಂದರು ಮೇಷ್ಟ್ರು. "ನಿನ್ ಮಂಡಿ ನೋಡುದ್ರೆ, ನನ್ ಕೈ ನೋಡುದ್ರೆ, ಇದೇ ಕೊನೆ. ಶೀಳನೆರೆ ಪಕ್ಕದ ಹಳ್ಳಿ. ಡೈರಿ ಅಧ್ಯಕ್ಷ ಹೊನ್ನಪ್ಪ ಚಂಡಪ್ರತಾಪ. ನಿಂಗೆ ಸನ್ಮಾನ ಬೇರೆ ಮಡಗವ್ರೆ."

"ಕೊನೇ ಸೀನು ಇದ್ರೆ ಬತ್ತೀನಿ. ಇಲ್ದಿದ್ರೆ ಒಂದು ಬಾಳೆಕಂದಿಗೆ ಸೀರೆ ಉಡ್ಸಿ ನಿಲ್ಸ್ಕೊಳಿ. ಅದೂ ಮಾತಾಡಾಕಿಲ್ಲ."

"ಹೊನ್ನಪ್ಪ ಸಾಯಾಕೆ ಒಪ್ಪವ್ನೆ ಕಣಮ್ಮಿ. ನನ್ ಕೈ ಮುಟ್ಟಿ ಏಳವ್ನೆ."

"ಒಪ್ಪದೆ ಇದ್ದೋರು ಯಾರವ್ರೆ ಮೇಷ್ಟ್ರೆ? ಎಲ್ರೂ ಒಪ್ದೋರೆಯ. ಸಾಯೋ ಒತ್ಗೆ ತಾನೆ ಬದುಕೋ ಆಸೆ ಉಟ್ಟೋದು."

ಅತಾವುಲ್ಲಾ ಕಾಫಿ ಲೋಟ ಕೆಳಗಿಟ್ಟರು. "ಅಕ್ಕಾ, ಐವತ್ತು ವರ್ಷ ಆಯ್ತು, ನಮ್ ಅಬ್ಬಾ ಕಾಲದಿಂದ ರಾಣಿ ನಿಲ್ಲೋ ಜಾಗದಲ್ಲಿ ಮೈಕ್ ಕಟ್ಟಿಲ್ಲ. ಈ ಸಲ ನಿಮ್ ತಲೆ ಮೇಲೇ ಒಂದು ಕಟ್ತೀನಿ. ಕಸಮ್, ಯಾರು ಏಳುದ್ರೂ ಆಫ್ ಮಾಡಲ್ಲ."

ಪುಟ್ಟತಾಯಮ್ಮ ಒಪ್ಪಿದಳು.

ಪ್ರಾಕ್ಟೀಸು ಡೈರಿಯ ಅಂಗಳದಲ್ಲಿ ನಡೆಯಿತು. ಹೊನ್ನಪ್ಪ ಕೆಟ್ಟವನೇನಲ್ಲ. ಹಾಲಿನ ಹಾಗೆ, ಬೆಳಗ್ಗೆ ಚೆನ್ನಾಗಿರುತ್ತಿದ್ದ, ಹೊತ್ತೇರಿದಂತೆ ಕೆಡುತ್ತಿದ್ದ. ಮನೆಯಿಂದ ಹಾಸಿಗೆ ತರಿಸಿ, ಅದರ ಮೇಲೆ ನಾಲ್ಕು ಸಲ ಚೆನ್ನಾಗಿ ಸತ್ತು ತೋರಿಸಿದ. ಪುಟ್ಟತಾಯಮ್ಮನ ಮನಸ್ಸಿಗೆ ಸಮಾಧಾನವಾಯಿತು. ಆದರೆ ನಾಟಕದ ದಿನ ಬೆಳಗ್ಗೆ ಊರ ಬಾಗಿಲಿಗೆ ಕಟ್ಟಿದ್ದ ಫ್ಲೆಕ್ಸು ನೋಡಿದಾಗ ಅದರಲ್ಲಿ ಅರ್ಧ ಇಳಿಯಿತು. ಹೊನ್ನಪ್ಪನ ಮೀಸೆ ಒಂದೇ ಮೂರು ಅಡಿ. ಮೂಲೆಯಲ್ಲಿ ಅಂಚೆಚೀಟಿಯಷ್ಟು ಜಾಗದಲ್ಲಿ ಪುಟ್ಟತಾಯಮ್ಮನ ಮುಖ, ಕೆಳಗೆ 'ಕುಮಾರಿ ಪುಟ್ಟತಾಯಮ್ಮ, ವಿದಾಯದ ಪಾತ್ರ' ಎಂದು. ಎಪ್ಪತ್ತೆರಡು ವರ್ಷ, ಒಂದು ಮದುವೆ, ಒಂದು ತಿಥಿ ಆದರೂ ಹ್ಯಾಂಡ್‌ಬಿಲ್ಲಿನವರು ಆಕೆಯ ಕನ್ಯತ್ವವನ್ನು ಕೈಬಿಟ್ಟಿರಲಿಲ್ಲ.

ಈಗೀಗ ನಾಟಕ ಹಗಲಿನಲ್ಲೇ. ಬೆಳಗ್ಗೆ ಹತ್ತಕ್ಕೆ ಶುರು, ಮಧ್ಯಾಹ್ನ ಬಾಡೂಟಕ್ಕೆ ಮುಗಿತಾಯ. ಶಾಮಿಯಾನದ ಮುಂದಿನ ಸಾಲಿನಲ್ಲಿ ಆರು ಕೆಂಪು ಕುರ್ಚಿ ಹಾಕಿದ್ದರು. ಅವು ಮಾಜಿ ಚಂಡಪ್ರತಾಪರಿಗೆ. ನಾಲ್ಕೂ ತಾಲೂಕಿನಿಂದ ಬದುಕಿ ಉಳಿದವರನ್ನು ಕರೆಸಿ ಶಾಲು ಹೊದಿಸುವ ಏರ್ಪಾಟು. ಬದುಕಿ ಉಳಿಯುವುದರಲ್ಲಿ ಅವರು ಮೊದಲಿನಿಂದಲೂ ನಿಪುಣರು.

ಪರದೆಯ ಹಿಂದೆ ಪುಟ್ಟತಾಯಮ್ಮ ಶೂರಕುಮಾರನನ್ನು ಹಿಡಿದಳು. ಆ ಪಾತ್ರದ ಲೋಕೇಶ್ ಡೈರಿಯಲ್ಲಿ ಹಾಲು ಅಳೆಯುವವನು. ಕತ್ತಿಯನ್ನು ಮಗುವಿನಂತೆ ತಬ್ಬಿಕೊಂಡು ಕೂತಿದ್ದ.

"ಏನ್ಲಾ ಲೋಕೇಶ, ಮುಖ ಇಂಗ್ಯಾಕಾಗದೆ? ಕಡೀತೀಯೋ ಇಲ್ವೋ?"

"ಡೈರಿ ಎಲೆಕ್ಷನ್ನು ಅಜ್ಜಿ, ಮುಂದಿನ ವಾರ. ಆ ಕಡೆ ಪಾರ್ಟಿಯೋರು ಹೊನ್ನಪ್ಪಣ್ಣ ಸತ್ತೇಟ್ಗೆ ಪಟಾಕಿ ಹೊಡೆಯಾಕೆ ಒಂದ್ ಮಂಕ್ರಿ ತಂದವ್ರಂತೆ. ಅದು ಅಣ್ಣನ ಕಿವಿಗೆ ಬಿದ್ಬುಟ್ಟದೆ. 'ಕತ್ತಿ ಎತ್ತುದ್ರೆ ನೋಡ್ಕತೀನಿ' ಅಂದವ್ರೆ."

"ಹೆದರ್ಕೊಂಡ್ಯಾ?"

"ನಾಳೆ ಬೆಳಗ್ಗೆ ಆರಕ್ಕೆ ಅವ್ರ ಎದ್ರುಗೇ ನಿಂತು ಹಾಲ್ ಅಳೀಬೇಕಜ್ಜಿ. ಕಡ್ದ ಕೈಲಿ ಎಂಗ್ ಅಳೀಲಿ?"

ಮೇಷ್ಟ್ರಿಗೆ ಹೇಳಿದಳು. ಅವರು ಹಾರ್ಮೋನಿಯಂನ ಮೇಲೆ ತಲೆ ಬಗ್ಗಿಸಿ, "ಮುಂದಿನ ಸಲ ನೋಡವ" ಎಂದರು. ಎಂಬತ್ತಾರರ ಬಾಯಲ್ಲಿ ಆ ಮಾತು ಕೇಳಿ ಪುಟ್ಟತಾಯಮ್ಮನಿಗೆ ನಗು ಬಂತೋ ಅಳು ಬಂತೋ, ಮುಖಕ್ಕೆ ಹಚ್ಚಿದ್ದ ಬಣ್ಣದಡಿ ಕಾಣಲಿಲ್ಲ.

ನಾಟಕ ಆರಂಭವಾಯಿತು. ಹೊನ್ನಪ್ಪ ಗರ್ಜಿಸಿದ, ಹಾಡಿದ. ಹಾರಗಳು ಬಂದವು. ಭಾವಮೈದುನರು, ಹಾಲು ಹಾಕುವವರು, ಹಾಲು ಹಾಕದವರು, ಮುಂದೆ ಎಮ್ಮೆ ಕೊಳ್ಳುವ ಯೋಚನೆಯಲ್ಲಿದ್ದವರು, ಎಲ್ಲರೂ ಹತ್ತಿ ಇಳಿದರು. ಒಂದು ಗಂಟೆಯ ಹೊತ್ತಿಗೆ ಹಾರದ ರಾಶಿಯ ಮೇಲೆ ನವಿಲು ಮಾತ್ರ ಕಾಣುತ್ತಿತ್ತು. ಕೊನೆಯ ಸೀನಿಗೆ ಪರದೆ ಎದ್ದಾಗ ಒಂದೂ ಮುಕ್ಕಾಲು. ಬಾಡಿನ ಘಮ ಆಗಲೇ ಶಾಮಿಯಾನದೊಳಗೆ ಬಂದು ಖಾಲಿ ಕುರ್ಚಿ ಹುಡುಕುತ್ತಿತ್ತು.

ಲೋಕೇಶ್ ಕತ್ತಿ ಹಿಡಿದು ಬಂದು, ರಾಜನಿಗೆ ನಮಸ್ಕಾರ ಮಾಡಿ, ಒಂದು ಪಕ್ಕಕ್ಕೆ ನಿಂತ. ಹೊನ್ನಪ್ಪ ಸಾಯುವ ಹಾಡಿನ ಬದಲು ಮೊದಲನೆಯ ಸೀನಿನ ಹಾಡನ್ನೇ ಮತ್ತೆ ಎತ್ತಿಕೊಂಡ. ಆಮೇಲೆ ಎರಡನೆಯ ಸೀನಿನದು. ಪಟಾಕಿಯ ಮಂಕರಿ ಇಟ್ಟುಕೊಂಡವರು ಬೆಂಕಿಪೊಟ್ಟಣ ಹಿಡಿದು ಕಾದು ಕಾದು ಬೀಡಿ ಹಚ್ಚಿಕೊಂಡರು. "ಊಟಕ್ಕೆ ಏಳ್ರಪ್ಪ" ಎಂದು ಹಿಂದಿನಿಂದ ಯಾರೋ ಕೂಗಿದರು. ನಾಲ್ಕು ಕುರ್ಚಿ ಸದ್ದು ಮಾಡಿದವು.

ಪುಟ್ಟತಾಯಮ್ಮ ತನ್ನ ಜಾಗದಲ್ಲಿ ನಿಂತಿದ್ದಳು. ತಲೆಯ ಮೇಲೆ ಅತಾವುಲ್ಲಾ ಕಟ್ಟಿದ ಮೈಕು. ಇವನು ಸಾಯುವುದಿಲ್ಲ. ಇವನೊಬ್ಬನೇ ಅಲ್ಲ, ಯಾರೂ ಸಾಯುವುದಿಲ್ಲ. ಇವರು ಸಾಯಲಿ ಎಂದು ಕಾದು ಕೂತರೆ ತಾನೇ ಮೊದಲು ಹೋಗುತ್ತೇನೆ. ಇಷ್ಟು ಸರಳವಾದದ್ದು ತಿಳಿಯಲು ಐವತ್ತೆರಡು ವರ್ಷ ಬೇಕಾಯಿತಲ್ಲ ಎಂದು ಆಕೆಗೆ ತನ್ನ ಮೇಲೇ ಸಿಟ್ಟು ಬಂತು. ಒಂದು ಹೆಜ್ಜೆ ಮುಂದಿಟ್ಟಳು.

"ಎಲೈ ಪುರಜನರೇ."

ಎರಡೇ ಪದ. ಹೊನ್ನಪ್ಪನ ಹಾಡು ಅರ್ಧದಲ್ಲಿ ತುಂಡಾಯಿತು. ಶಾಮಿಯಾನದ ಮೇಲಿದ್ದ ಕಾಗೆಗಳು ಕೆ.ಆರ್.ಪೇಟೆಗೆ ಹೋಗಿ ಇಳಿದವು ಎನ್ನುತ್ತಾರೆ. ಊಟಕ್ಕೆ ಎದ್ದವರು ಎದ್ದ ಕಡೆಯೇ ನಿಂತರು. ಹೆಂಗಸರ ಕಡೆಯಿಂದ ಮುದುಕಿ ಸೋಮಮ್ಮನ ದನಿ ಬಂತು. ಹುಡುಗಿಯಾಗಿದ್ದಾಗಿನಿಂದ ಈ ನಾಟಕ ನೋಡಿದವಳು ಅವಳು.

"ಅಯ್ಯೋ, ರಾಣಿ ಮಾತಾಡ್ಬುಟ್ಲು ಕಣ್ರೇ. ಹೊನ್ನಪ್ಪ ಓಗ್ಬುಟ್ನಾ?"

ಜನರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಚಂಡಪ್ರತಾಪ ಸತ್ತ ಮೇಲೆಯೇ ರಾಣಿ ಮಾತಾಡುವುದು. ಇದು ಈ ಸೀಮೆಯ ಮಕ್ಕಳಿಗೂ ಗೊತ್ತು. ರಾಣಿ ಮಾತಾಡಿದ್ದನ್ನು ಎರಡು ಸಾವಿರ ಜನ ಕೇಳಿದ್ದಾರೆ. ಹಾಗಿದ್ದ ಮೇಲೆ ಅವನು ಸತ್ತಿದ್ದಾನೆ. ನಿಂತಿರುವುದು ಅವನ ತಪ್ಪು. ತಮಟೆಯವನು ತಡಮಾಡದೆ ಹೆಣ ಎತ್ತುವ ಬಡಿತ ಎತ್ತಿಕೊಂಡ. ಆ ಕಡೆ ಪಾರ್ಟಿಯವರು ಬೀಡಿಯ ಬೆಂಕಿಯನ್ನು ಮಂಕರಿಗೆ ಮುಟ್ಟಿಸಿದರು.

"ಲೇ, ನಾನ್ ಸತ್ತಿಲ್ಲ ಕಣ್ರಲಾ" ಎಂದ ಹೊನ್ನಪ್ಪ, ಪಟಾಕಿ ನಿಂತ ಮೇಲೆ.

"ಸತ್ತಿಲ್ಲ ಅಂದ್ರೆ ರಾಣಿ ಎಂಗ್ಲಾ ಮಾತಾಡ್ತಾಳೆ?" ಎಂದರು ಮುಂದಿನಿಂದ. "ಕತ್ತಿನ ಮಟ್ಟ ಹಾರ ಹಾಕಾಗದೆ, ತಮಟೆ ಆಯ್ತಾ ಅದೆ. ಇನ್ನೇನ್ಲಾ ಬಾಕಿ?"

ಲೋಕೇಶನಿಗೆ ಎಲ್ಲಿಲ್ಲದ ಧೈರ್ಯ ಬಂತು. ತಾನು ಕೈಯೆತ್ತದೆ ಕೆಲಸ ಆಗಿತ್ತು. ಮುಂದೆ ಬಂದು, "ಸಂಹಾರ ಆಯ್ತು" ಎಂದು ಸಾರಿ, ಕತ್ತಿ ಒರೆಸಿಕೊಂಡ. ಹೊನ್ನಪ್ಪನ ಕಡೆಯವನೊಬ್ಬ ಅತಾವುಲ್ಲಾ ಕೂತಿದ್ದ ಮೇಜಿನ ಕಡೆ ಓಡಿದ.

"ಮೈಕ್ ಆಫ್ ಮಾಡಿ ಸಾಬ್ರೆ."

"ಯಾರು ಏಳುದ್ರು?"

"ಅಧ್ಯಕ್ಷರು."

"ಅರೆ, ಅವ್ರು ತೀರೋದ್ರಲ್ಲಪ್ಪ. ಹೋದೋರ ಮಾತು ನಾನ್ ಎಂಗ್ ಕೇಳ್ಲಿ?"

ಕೊನೆಗೆ ಹೊನ್ನಪ್ಪನ ಭಾವಮೈದುನನೇ ರಂಗದ ಪಕ್ಕಕ್ಕೆ ಬಂದು ಪಿಸುಗುಟ್ಟಿದ. "ಭಾವ, ಮನೀಕೊಬುಡಿ. ನಿಂತ್ಕೊಂಡೇ ಸತ್ತೋರು ಅನ್ನುಸ್ಕೊಂಡ್ರೆ ಇನ್ನೂ ಕೇಡು, ಒಂದ್ ಓಟೂ ಬೀಳಾಕಿಲ್ಲ." ಹೊನ್ನಪ್ಪ ಎರಡು ಸಾವಿರ ಮುಖ ನೋಡಿದ. ಒಂದರಲ್ಲೂ ತಾನು ಬದುಕಿರಲಿಲ್ಲ. ಹಾರಗಳ ಸಮೇತ ನಿಧಾನವಾಗಿ ಮಲಗಿದ. ನವಿಲು ಮಾತ್ರ ನೆಟ್ಟಗೆ ನಿಂತಿತ್ತು.

ಪುಟ್ಟತಾಯಮ್ಮ ಎಂಟು ಸಾಲನ್ನೂ ಹೇಳಿದಳು. ಎಲ್ಲೂ ತಡವರಿಸಲಿಲ್ಲ. ಒಂದೂವರೆ ನಿಮಿಷ ಹಿಡಿಯಿತು. ಹೇಳಿ ಮುಗಿದ ಮೇಲೆ ಆಕೆಗೇ ಒಂದು ವಿಷಯ ಗೊತ್ತಾಯಿತು. ಒಲೆಯ ಮುಂದೆ, ಹೊಳೆಯಲ್ಲಿ ಎಷ್ಟು ಸಾವಿರ ಸಲ ಹೇಳಿಕೊಂಡಾಗಲೂ ಅದು ಗೊತ್ತಾಗಿರಲಿಲ್ಲ. ಎಂಟರಲ್ಲಿ ಏಳು ಸಾಲು ಶೂರಕುಮಾರನ ತೋಳಿನ ವರ್ಣನೆ. ಎಂಟನೆಯದು ಇಂಥ ತೋಳಿನವನ ಪಾದದ ಧೂಳಾಗುತ್ತೇನೆ ಎಂಬುದು. ತಿರುಗಿ ಲೋಕೇಶನ ತೋಳು ನೋಡಿದಳು. ಹಾಲಿನ ಕ್ಯಾನು ಎತ್ತಿ ಎತ್ತಿ ಒಂದು ಸ್ವಲ್ಪ ಉದ್ದವಾಗಿತ್ತು, ಅಷ್ಟೇ. ಇಷ್ಟಕ್ಕೇ ಕಾದದ್ದೇ ಎಂದುಕೊಂಡಳು.

ಜನ ಎದ್ದು ನಿಂತು ಅಳಲಿಲ್ಲ. ಊಟಕ್ಕೂ ಹೋಗಲಿಲ್ಲ. ಕೂತರು. ಐವತ್ತೆರಡು ವರ್ಷದ ಮೌನಕ್ಕೆ ಒಂದೂವರೆ ನಿಮಿಷ ಸಾಲದು, ಇನ್ನೂ ಇರಬೇಕು ಎಂದು ಬಾಯಿ ನೋಡುತ್ತಿದ್ದರು. ಮೇಷ್ಟ್ರು ಮಂಗಳದ ಶ್ರುತಿ ಹಿಡಿದರು. ಪುಟ್ಟತಾಯಮ್ಮ ಅವರ ಕಡೆ ಕೈಯೆತ್ತಿ ನಿಲ್ಲಿಸಿದಳು.

"ಮೇಷ್ಟ್ರೆ, ನಿಮ್ದು ಮುಗೀತು. ಇನ್ಮೇಲೆ ನಂದು."

ಆಕೆ ಮುಂದಿನ ಸಾಲಿನ ಕೆಂಪು ಕುರ್ಚಿಗಳ ಕಡೆ ತಿರುಗಿದಳು. ಆರು ಜನ ಮಾಜಿ ರಾಜರು ಒಟ್ಟಿಗೆ ಶಾಲು ಸರಿಮಾಡಿಕೊಂಡರು.

"ಮೊದುಲ್ನೇ ಕುರ್ಚಿ ಯಜಮಾನ್ರೆ. ತೊಂಬತ್ತನೇ ಇಸ್ವೀಲಿ ನನ್ ಕಾಲ್ಬೆರಳ ಮೇಲೆ ಬೂಟು ಮಡಗಿ ಒಂದ್ ಹಾಡು ಪೂರ್ತಿ ಏಳುದ್ರಿ. ಒನ್ಸ್ ಮೋರ್ ಬೇರೆ ತಕೊಂಡ್ರಿ. ಕಾಲ್ ತೆಗೀರಿ ಅಂತ ಏಳಾಕೆ ನಂಗೆ ಮಾತಿರ್ಲಿಲ್ಲ. ಆ ಉಗುರು ಇನ್ನೂ ಬಂದಿಲ್ಲ ಕಣಪ್ಪ."

ಜನ ನಕ್ಕ ಸದ್ದಿಗೆ ಶಾಮಿಯಾನದ ಒಂದು ಗೂಟ ಕಿತ್ತಿತು.

"ಎರಡ್ನೇವ್ರೆ, ನಿಮ್ಗೆ ಮೊದುಲ್ನೇ ಸೀನಿಂದ ಒಂದ್ ಮಾತೂ ಬರ್ಲಿಲ್ಲ. ನಾನು ಸೆರೇಲಿ ನಿಂತ್ಕೊಂಡು ಬರೀ ತುಟೀಲಿ ಏಳ್ಕೊಟ್ಟೆ. ನೀವು ನನ್ ತುಟಿ ನೋಡ್ಕೊಂಡೇ ಗರ್ಜಿಸುದ್ರಿ. ಆಮೇಲೆ ಅಧಿಕಾರಿಗಳು ಬಂದು 'ಎಂಥ ನೆನಪಿನ ಶಕ್ತಿ' ಅಂತ ನಿಮ್ಗೆ ಉಂಗ್ರ ಹಾಕುದ್ರು. ಮೂರ್ನೇವ್ರು ಅವ್ರಾ? ಇಲ್ಲೇ ಅವ್ರೆ. ಯುದ್ಧದ ಸೀನ್ಗೆ ಔಟು ಪಟಾಕಿ ಹೊಡೆದಾಗ ನನ್ ಸೆರಗಿನೊಳಗೆ ಬಂದು ಬಚ್ಚಿಟ್ಕೊಂಡ್ರಲ್ಲ ರಾಜ್ರೆ, ನೆನಪದಾ? ಕಿರೀಟ ಚುಚ್ತಿತ್ತು. ಆದ್ರೂ ಸುಮ್ನಿದ್ದೆ."

ಮೂರನೆಯವರು ಕುರ್ಚಿಯಲ್ಲಿ ಕೆಳಗೆ ಜಾರಿ ನಾಲ್ಕನೆಯವರ ಶಾಲಿನ ಹಿಂದೆ ಹೋದರು. ನಾಲ್ಕನೆಯವರು ಎದ್ದು ಹೊರಡಲು ನೋಡಿದರು, ಜನ ಭುಜ ಹಿಡಿದು ಕೂರಿಸಿದರು. ಅಡುಗೆಯವರು ಸೌಟು ಹಿಡಿದೇ ಶಾಮಿಯಾನಕ್ಕೆ ಬಂದು ನಿಂತಿದ್ದರು. ಬಾಡೂಟ ಆರುತ್ತಿದೆ ಎಂದು ತಿಳಿದೂ ಈ ಸೀಮೆಯ ಜನ ಕೂತಿದ್ದು ಅದೇ ಮೊದಲು.

ಪುಟ್ಟತಾಯಮ್ಮನ ಮಂಡಿ ನೋಯುತ್ತಿತ್ತು. ಅತಾವುಲ್ಲಾ ಚಂಡಪ್ರತಾಪನ ಸಿಂಹಾಸನವನ್ನು ಎಳೆದು ತಂದು ಕೊಟ್ಟರು, ಮೈಕನ್ನು ಇಳಿಸಿ ಬಾಯಿಗೆ ಸರಿಮಾಡಿದರು. ಆಕೆ ಕೂತು, ಒಂದು ಲೋಟ ನೀರು ತರಿಸಿ ಕುಡಿದು, ಸೆರಗಿನಲ್ಲಿ ಬಾಯೊರೆಸಿಕೊಂಡಳು. ಬಿಸಿಲು ತಗಡಿನ ರಂಗದ ಮೇಲೆ ಓರೆಯಾಗಿ ಬೀಳುತ್ತಿತ್ತು. ಹಾರದ ರಾಶಿಯೊಳಗಿಂದ ಸಣ್ಣ ದನಿಯೊಂದು ಕೇಳಿತು.

"ಅಕ್ಕಾ, ಬೆನ್ನು ಸುಡ್ತಾ ಅದೆ. ಏಳ್ಲಾ?"

ಪುಟ್ಟತಾಯಮ್ಮ ಬಗ್ಗಿ ನೋಡಿದಳು. ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ.

"ಮನೀಕೊಳಪ್ಪ ಹೊನ್ನಪ್ಪ. ಇನ್ನೂ ಮೂರ್ ಜನ ಅವ್ರೆ, ನಿಂದು ಆಮೇಲೆ."

ಹೊನ್ನಪ್ಪ ಕಣ್ಣು ಮುಚ್ಚಿಕೊಂಡ. ಆಕೆ ನಾಲ್ಕನೆಯ ಕುರ್ಚಿಯ ಕಡೆ ತಿರುಗಿದಳು.